ಟವೆಲ್ ಕೆಳಗಿನ ವ್ಯಾಪಾರ

ಚಿತ್ರದುರ್ಗ, ಸೋಮವಾರ

ಅಪ್ಪನಿಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಕ್ಕು ಇಟ್ಟುಬಿಡುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ಕೋಟೆ ಕೆಳಗಿನ ನಮ್ಮ ಓಣಿಯಲ್ಲಿ ತಿರುಗಿಸಲು ಆಗುವುದು ಚಿಕ್ಕ ಕಾರನ್ನು ಮಾತ್ರ. ನಿನ್ನೆ ಶೋರೂಮಿನಲ್ಲಿ ನೀವು ನಾನು ಆರಿಸಿದ ಚಿಕ್ಕ ಕಾರಿನ ಬೆನ್ನು ಒತ್ತಿ ನೋಡಿ, "ಹಾಲು ಸಾಲ್ದ ಮರಿ ಇದ್ದಂಗೈತಲ್ಲವ್ವ!" ಎಂದು ದೊಡ್ಡದರ ಹತ್ತಿರ ಹೋದಿರಿ. ಆಮೇಲೆ ಸಂತೆಯಲ್ಲಿ ಕುರಿ ಮಾರುವಾಗಿನಂತೆ ಮ್ಯಾನೇಜರ್ ಕೈಮೇಲೆ ಟವೆಲ್ ಹೊದಿಸಿ, ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಮಾಡಿದಿರಿ. ಅವರೂ ಹಿರಿಯೂರು ಕಡೆಯ ಕುರಿಗಾರರ ಮಗನಂತೆ. "ಆಯ್ತು ಬಿಡ್ರಿ ಸಣ್ಣಪ್ಪಾರೆ" ಎಂದರು. ಯಾವ ಕಾರಿಗೆ ಆಯಿತೆಂದು ಇಬ್ಬರೂ ನನಗೆ ಹೇಳಲಿಲ್ಲ.

ಇವತ್ತು ಆ ಮ್ಯಾನೇಜರ್ ಫೋನ್ ಮಾಡಿ, "ಟಗರು ಯಾವಾಗ ಕಳಿಸ್ತೀರಿ, ಮೇಡಂ?" ಎಂದು ಕೇಳಿದರು.

ಟವೆಲ್ ಕೆಳಗೆ ಒಪ್ಪಿದ ಒಂದು ಟಗರಿನ ಬದಲು ಎರಡು ಕೊಡಿ ಅಪ್ಪ. ಕಾರು ಮಾತ್ರ ಚಿಕ್ಕದೇ ಬರಲಿ.

ನಿಮ್ಮ ಮಗಳು,
ಅಂಜಲಿ