ದೂರುದಾರರ ಹೆಸರಿನ ಹಾಳೆ

ಹುಣಸೂರು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಪುಷ್ಪಾ,

ಫೋನಿನಲ್ಲಿ ಹೇಳುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅಬ್ಬಾ ಈಗಲೂ ಬೆಳಗ್ಗೆ ಎಂಟಕ್ಕೆಲ್ಲ ಮರದಂಗಡಿಯಲ್ಲಿರುತ್ತಾರೆ. ಕೆಲಸದವರು ಮಾಡಿದ ಮಂಚದ ಕಾಲನ್ನು ತಾವೇ ಕೈಯಿಂದ ಸವರಿ ನೋಡದೆ ಹೊರಗೆ ಬಿಡುವುದಿಲ್ಲ. ಭೇರ್ಯದಿಂದ ಪುಷ್ಪ ಯಾವಾಗ ಬರುತ್ತಾಳೆ ಎಂದು ಅಮ್ಮಿ ಕೇಳುತ್ತಲೇ ಇರುತ್ತಾರೆ.

ಮೊದಲು ಒಳ್ಳೆಯ ಸುದ್ದಿ. ಸರ್ಕಾರಿ ಕಚೇರಿಗಳ ಲಂಚ, ಸುಳ್ಳು ಬಿಲ್ಲುಗಳ ಮೇಲೆ ಕಣ್ಣಿಡಲು ತಾಲ್ಲೂಕು ಮಟ್ಟದಲ್ಲಿ ಒಂದು ಸ್ವತಂತ್ರ ಕಾವಲು ಮಂಡಳಿ ಹೇಗಿರಬೇಕು ಎಂದು ಕರಡು ಕಾನೂನು ಬರೆಯಲು ಏಳು ಜನರ ಸಮಿತಿ ಮಾಡಿದ್ದರಲ್ಲ, ವಕೀಲರ ಪೈಕಿ ನಾನಿದ್ದೆನಲ್ಲ, ಆ ಕೆಲಸ ಮುಗಿಯಿತು. ಗುರುವಾರ ಎಲ್ಲರೂ ಸಹಿ ಹಾಕಿದೆವು. ಮೊದಲು ನಮ್ಮ ಕಡೆಯೇ ಶುರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇದು ಕೆಲಸ ಮಾಡುತ್ತದೆ ಪುಷ್ಪಾ. ಲೋಕಾಯುಕ್ತ ಇರುವಾಗ ಇನ್ನೊಂದು ಯಾಕೆ ಎಂದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಇದು ಕಚೇರಿಯ ಒಳಗೆ ಕೂತ ಗುಮಾಸ್ತೆಯೂ ಹೆದರದೆ ನಡೆದು ಹೋಗಬಹುದಾದಷ್ಟು ಹತ್ತಿರದ ಬಾಗಿಲು.

ಬಾಗಿಲು ತೆರೆಯುವುದು ಸುಲಭ, ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದಕ್ಕೇ ವರ್ಷ ಹಿಡಿಯಿತು. ಮಂಡಳಿಯ ಸದಸ್ಯರನ್ನು ಆರಿಸುವಾಗ ವಿರೋಧ ಪಕ್ಷದ ನಾಯಕರೂ ಒಪ್ಪಬೇಕು. ತೆಗೆಯಬೇಕಾದರೆ ಶಾಸನಸಭೆಯ ಮೂರರಲ್ಲಿ ಎರಡು ಪಾಲು ಮತ ಬೇಕು. ಯಾವ ಮಂತ್ರಿಯೂ ಸಂಜೆ ಆರ್ಡರ್ ಹೊರಡಿಸಿ ಮನೆಗೆ ಕಳಿಸುವಂತಿಲ್ಲ. ಜನರ ಅಭಿಪ್ರಾಯ ಕೇಳಲು ಕೆ.ಆರ್. ನಗರದಲ್ಲಿ ಕರೆದ ಸಭೆಯಲ್ಲಿ ಸಿದ್ದಮಲ್ಲಪ್ಪ ಎಂಬ ನಿವೃತ್ತ ಮೇಷ್ಟ್ರು ಎದ್ದು, "ಈ ಮಂಡ್ಳಿಯೋರೇ ಕೈ ಚಾಚುದ್ರೆ ನಾವ್ ಎಲ್ಲಿಗ್ ಓಗ್ಬೇಕು ಸ್ವಾಮಿ? ಅದ್ನೂ ಬರೀರಿ ಮೊದ್ಲು" ಎಂದರು. ನಮ್ಮ ಸಮಿತಿಯ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ನಕ್ಕುಬಿಟ್ಟರು. ಆಮೇಲೆ ಅದನ್ನೂ ಬರೆಸಿದರು. ಮಂಡಳಿ ವರ್ಷಕ್ಕೊಮ್ಮೆ ಪ್ರತಿ ತಾಲ್ಲೂಕಿನಲ್ಲೂ ಜನರ ಮುಂದೆ ಕೂತು ಉತ್ತರ ಕೊಡಬೇಕು.

ಎಚ್.ಡಿ. ಕೋಟೆಯ ಸಭೆಯ ಮಾತು ಬೇರೆ. ಕಾಡಂಚಿನ ಆದಿವಾಸಿಗಳ ಹಾಡಿಯೊಂದರಿಂದ ಮರಮ್ಮ ಎಂಬ ಹಿರಿಯಾಕೆ ಬಂದಿದ್ದರು. ಮೈಕು ಬೇಡವೆಂದು ಪಕ್ಕಕ್ಕೆ ತಳ್ಳಿ ಮಾತಾಡಿದರು. "ಬೋರ್ ಕೊರೀತೀವಿ ಅಂದೋರು ಬಂದ್ರು. ಕೊರ್ದವ್ರಾ ಅಂತ ನೋಡಕ್ಕೂ ಅವ್ರೇ ಬಂದ್ರು. ಅವ್ರೇ ಬರ್ಕೊಂಡ್ರು, ಅವ್ರೇ ಒಂಟೋದ್ರು. ಒಬ್ಳು ಎಣ್ಮಗ್ಳು ಮಾತ್ರ ಒಬ್ಳೇ ನಡ್ಕೊಂಡ್ ಬಂದು, ಬೋರ್ ಎಲ್ಲವ್ವಾ ಅಂತ ಕೇಳುದ್ಲು. ನಮ್ಮನೇಲಿ ನೀರು ಕುಡುದ್ಲು. ಆಮ್ಯಾಕೆ ಅವ್ಳೂ ಬರ್ನಿಲ್ಲ."

ಆ ಹೆಣ್ಣುಮಗಳು ನೀನು. ನೀನೇಕೆ ಮತ್ತೆ ಹೋಗಲಿಲ್ಲ ಎಂಬುದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕಳೆದ ತಿಂಗಳು ಒಂಬತ್ತನೇ ಕಲಮಿನ ಚರ್ಚೆ ಬಂತು. ದೂರು ಕೊಟ್ಟವರ ಹೆಸರು ಮಂಡಳಿಯ ಹೊರಗೆ ಹೋಗಕೂಡದು, ಇಲಾಖೆಯ ವರದಿ ಕೇಳುವ ಬದಲು ಮಂಡಳಿಯ ತನಿಖೆಯವರೇ ಹೋಗಿ ನೋಡಬೇಕು ಎಂದು ನಾನು ಬರೆದಿದ್ದೆ. ಸರ್ಕಾರದ ಕಡೆಯಿಂದ ಸಮಿತಿಯಲ್ಲಿದ್ದ ಉಪಕಾರ್ಯದರ್ಶಿ ನಂಜುಂಡೇಶ್ ಒಪ್ಪಲಿಲ್ಲ. ಕೆಟ್ಟ ಮನುಷ್ಯರಲ್ಲ, ಪದ್ಧತಿಯ ಮನುಷ್ಯರು. "ಇಷ್ಟು ವರ್ಷ ದೂರುಗಳೆಲ್ಲ ಇಲಾಖೆಯ ಮುಖ್ಯಸ್ಥರ ಮೂಲಕವೇ ಹೋಗಿವೆ ಮೇಡಂ. ಅದರಿಂದ ಒಬ್ಬರಿಗಾದರೂ ತೊಂದರೆ ಆಗಿದ್ರೆ ತೋರಿಸಿ, ನಾನೇ ಸಹಿ ಹಾಕ್ತೀನಿ" ಎಂದರು.

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಅಲ್ಲಿ ಹೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆ, ಮುಂದಿನ ತಿಂಗಳು ಅಚ್ಚಾಗುತ್ತದೆ. ನಿನ್ನ ಹೆಸರು ಹೇಳಲಿಲ್ಲ, ಆದರೆ ಓದಿದರೆ ನಿನಗೆ ತಿಳಿಯದೆ ಇರದು. ಅದಕ್ಕೇ ಈ ಕಾಗದ.

ಒಂಬತ್ತು ವರ್ಷದ ಹಿಂದೆ ನೀನು ದೂರು ತಂದು ಕೊಟ್ಟ ಮಧ್ಯಾಹ್ನ ನೆನಪಿದೆಯಲ್ಲ? ಹನ್ನೊಂದು ಬೋರ್‌ವೆಲ್ ಕೊರೆದಿದ್ದೇವೆ ಎಂದು ನಿನ್ನ ಕಚೇರಿಯಿಂದ ಬಿಲ್ಲಾಗಿತ್ತು. ನೀನು ರಜೆ ಹಾಕಿ ಹಾಡಿಹಾಡಿ ಸುತ್ತಿ, ಒಂದೂ ಇಲ್ಲವೆಂದು ನೋಡಿಕೊಂಡು ಬಂದಿದ್ದೆ. ನಾನು ಆಗ ಇನ್ನೂ ವಕೀಲಿಕೆಗೆ ಬಂದಿರಲಿಲ್ಲ, ಮೈಸೂರಿನಲ್ಲಿ ನಿನ್ನ ಇಲಾಖೆಯದೇ ಜಾಗೃತ ಶಾಖೆಯಲ್ಲಿ ದೂರುಗಳನ್ನು ನೋಡುತ್ತಿದ್ದೆ. "ಟಪಾಲಿಗೆ ಹಾಕಕ್ಕೆ ಭಯ ಕಣೇ, ಅದಕ್ಕೇ ನಿನ್ ಕೈಗೇ ಕೊಡ್ತಾ ಇದೀನಿ" ಅಂದೆ ನೀನು. ನಾಲ್ಕು ಹಾಳೆ. ಕೊನೆಯದರಲ್ಲಿ ನಿನ್ನ ಹೆಸರು, ಹುದ್ದೆ, ಸಹಿ.

ಹತ್ತು ದಿನದೊಳಗೆ ನಿನ್ನನ್ನು ಬೀದರಿಗೆ ವರ್ಗ ಮಾಡಿದರು. ನಿನ್ನ ಮಗಳಿಗೆ ಆಗ ಎರಡು ವರ್ಷ. ನೀನು ಹೋಗಲಿಲ್ಲ, ಕೆಲಸವನ್ನೇ ಬಿಟ್ಟೆ. ಹಾಳೆ ಹೊರಗೆ ಹಾಕಿದವನು ನಮ್ಮ ಶಾಖೆಯ ಟಪಾಲು ಗುಮಾಸ್ತ ಕಿರಣ್‌ಕುಮಾರ್ ಎಂದು ನಿನಗೆ ಯಾರೋ ಹೇಳಿದರು. ನಿನ್ನ ಸ್ವಂತ ಸೋದರತ್ತೆಯ ಮಗ. ಕಟ್ಟೆಮಳಲವಾಡಿಯಲ್ಲಿ ನಿಮ್ಮದೂ ಅವನದೂ ಒಂದೇ ಗೋಡೆಯ ಮನೆ. ಅವನ ಮದುವೆಗೆ ನೀನು ಹೋಗಲಿಲ್ಲ, ನಿಮ್ಮಪ್ಪ ತೀರಿಕೊಂಡಾಗ ಅವನನ್ನು ಅಂಗಳಕ್ಕೆ ಬಿಡಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಅವನಲ್ಲ ಪುಷ್ಪಾ. ನಾನು. ದೂರು ಬಂದರೆ ಪೂರ್ತಿಯಾಗಿ ಇಲಾಖೆಯ ಮುಖ್ಯಸ್ಥರಿಗೆ ವರದಿಗೆ ಕಳಿಸಬೇಕು ಎಂದು ನಿಯಮವಿತ್ತು. ನಾಲ್ಕೂ ಹಾಳೆ ಜೋಡಿಸಿ, ಮೇಲೆ ಪತ್ರ ಬರೆದು, ನಾನೇ ಕಳಿಸಿದೆ. ಅಲ್ಲಿಂದ ಅದು ಬಿಲ್ಲು ಬರೆದವರ ಮೇಜಿಗೇ ಹೋಯಿತು.

ಸಭೆಯಲ್ಲಿ ಇದನ್ನು ಹೇಳಿ ಮುಗಿಸಿದಾಗ ನಂಜುಂಡೇಶ್ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಒಂಬತ್ತನೇ ಕಲಮಿನ ಪಕ್ಕ ತಮ್ಮ ಚಿಕ್ಕ ಸಹಿ ಹಾಕಿದರು. ಒಂದಕ್ಷರವೂ ಬದಲಾಗದೆ ಅದು ಉಳಿದಿದೆ.

ನಿನಗೆ ಬರೆಯುವ ಮೊದಲು ನಿನ್ನೆ ಕಿರಣ್‌ಕುಮಾರನ ಮನೆಗೆ ಹೋಗಿದ್ದೆ. ಹೊಗೆಸೊಪ್ಪು ಮಾರಾಟಕ್ಕೆ ಕಟ್ಟಿಸುತ್ತಿದ್ದ. ವಿಷಯ ಹೇಳಿದೆ. ಅವನು ಬಗ್ಗಿದ್ದವನು ತಲೆ ಎತ್ತಲೂ ಇಲ್ಲ. "ಗೊತ್ತು ಬುಡಿ ಮೇಡಂ. ಟಪಾಲ್ ಪುಸ್ತಕ್‌ದಲ್ಲಿ ನಿಮ್ ಸೈನ್ ಇತ್ತು. ಆವತ್ತೇ ನೋಡ್ದೆ" ಅಂದ. ಹಾಗಾದರೆ ಪುಷ್ಪಂಗೆ ಯಾಕೆ ಹೇಳಲಿಲ್ಲ ಎಂದೆ. "ಅವ್ಳ ಕೆಲ್ಸ ಓಗಿತ್ತು. ನಾನೂ ಅವ್ಳಿಗೆ ಬ್ಯಾಡವಾಗಿದ್ದೆ. ಆವಾಗ ಅವ್ಳ ಜೊತೇಲಿ ಇದ್ದೋರು ನೀವೊಬ್ರೇ. ಅದ್ನೂ ಕಿತ್ಕೊಳ್ಳಾನಾ ಅನ್ನುಸ್ತು" ಅಂದ. ಅವನ ಹೆಂಡತಿ ತಂದ ಕಾಫಿ ಕುಡಿಯಲು ನನ್ನಿಂದಾಗಲಿಲ್ಲ.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ. ಅದು ನಿನಗೆ ಬಿಟ್ಟದ್ದು, ಕೇಳಿ ಪಡೆಯುವ ಮಾತಲ್ಲ. ಅವನ ಮನೆಗೆ ಮಾತ್ರ ಒಮ್ಮೆ ಹೋಗು. ಇನ್ನೊಂದು: ಭೇರ್ಯದ ನಾಡಕಚೇರಿ ಎದುರು ಕೂತು ದಿನಾ ಜನರಿಗೆ ಅರ್ಜಿ ಬರೆದುಕೊಡುತ್ತೀಯಲ್ಲ, ಕಾನೂನು ಜಾರಿಯಾದ ಮೇಲೆ ಮಂಡಳಿಗೆ ಕೊಡಬೇಕಾದ ದೂರಿನ ನಮೂನೆ ಇದರ ಜೊತೆಗಿಟ್ಟಿದ್ದೇನೆ. ಹೆಸರಿನ ಹಾಳೆ ಬೇರೆಯಾಗಿಯೇ ಇದೆ, ಬೇರೆ ಲಕೋಟೆಗೇ ಹೋಗುತ್ತದೆ. ಆಗ ಧೈರ್ಯವಾಗಿ ಬರೆದುಕೊಡು. ಅದನ್ನು ಬಿಡಿಸಿ ನೋಡಲು ಇನ್ನು ಯಾವ ಇಲಾಖೆಗೂ ಆಗುವುದಿಲ್ಲ. ಈ ಮಾತಿಗೆ ನಾನು ಎಲ್ಲಿ ಬೇಕಾದರೂ ನಿಲ್ಲುತ್ತೇನೆ.

ನಿನ್ನ
ಅಲ್ಮಾಸ್

ಮರೆತದ್ದಲ್ಲ, ಮುಚ್ಚಿಟ್ಟದ್ದು: ನಿಯಮ ಹಾಗಿತ್ತು ಎಂದು ನಿನಗೂ ಬರೆದೆ, ಸಮಿತಿಗೂ ಹೇಳಿದೆ. ಅದು ಅರ್ಧ ನಿಜ. ಮೇಲಧಿಕಾರಿ ಬರೆದು ಒಪ್ಪಿದರೆ ಹೆಸರಿನ ಹಾಳೆಯನ್ನು ತೆಗೆದಿಡಬಹುದು ಎಂದು ಅದೇ ನಿಯಮದಲ್ಲಿತ್ತು. ಒಪ್ಪಿಗೆ ಕೇಳಿ ನಾನು ಟಿಪ್ಪಣಿ ಬರೆದೂ ಇದ್ದೆ. ಆ ವಾರ ನನ್ನ ಬಡ್ತಿಯ ಫೈಲು ಅದೇ ಮೇಲಧಿಕಾರಿಯ ಮೇಜಿನ ಮೇಲಿತ್ತು. ಟಿಪ್ಪಣಿಯನ್ನು ಹರಿದು ಹಾಕಿದೆ. ಬಡ್ತಿ ಬಂತು. ನೀನೇ ಪೇಡ ತಂದು ಕೊಟ್ಟಿದ್ದೆ. ಮಂಡಳಿಯ ನೌಕರರ ಬಡ್ತಿ, ವರ್ಗಾವಣೆ ಯಾವ ಇಲಾಖೆಯ ಕೈಯಲ್ಲೂ ಇರಕೂಡದು ಎಂಬ ಹದಿನಾಲ್ಕನೇ ಕಲಮನ್ನು ನಾನು ಯಾಕೆ ಅಷ್ಟು ಹಟ ಹಿಡಿದು ಬರೆಸಿದೆ ಎಂದು ಅಧ್ಯಕ್ಷರಿಗೆ ಇವತ್ತೇ ಇನ್ನೊಂದು ಪತ್ರ ಬರೆದಿದ್ದೇನೆ. ಅದೂ ನಡಾವಳಿಯ ಜೊತೆಗೇ ಅಚ್ಚಾಗಲಿ ಎಂದು ಕೇಳಿದ್ದೇನೆ.