ಅಜ್ಜಿಯ ಎರಡನೇ ತಿಂಡಿ

ಖೈತಾನ್, ಕುವೈತ್

ಅತ್ತೆಗೆ ನಮಸ್ಕಾರ. ಫೋನಿನಲ್ಲಿ ಹೇಳಲು ನಾಚಿಕೆಯಾಗಿ, ಊರಿಗೆ ಹೊರಟ ಪಕ್ಕದ ಮನೆಯ ಕುಸುಮಕ್ಕನ ಕೈಯಲ್ಲಿ ಈ ಕಾರ್ಡು ಕೊಡುತ್ತಿದ್ದೇನೆ. ಬೆಳಿಗ್ಗೆ ನೀವು ವಿಡಿಯೊದಲ್ಲಿ ಒಂದು ತುತ್ತು ತಿಂದರೆ ಮಾತ್ರ ನಿಮ್ಮ ಮೊಮ್ಮಗಳು ಒಂದು ತುತ್ತು ತಿನ್ನುತ್ತಾಳೆ. ಕೆಳಗೆ ಸ್ಕೂಲ್ ಬಸ್ಸಿನವನು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಕೂಗುತ್ತಿರುತ್ತಾನೆ. ನಿನ್ನೆ ನಿಮಗೂ ತಿನ್ನಿಸಲು ಹೋಗಿ ಫೋನಿಗೆಲ್ಲ ಉಪ್ಪಿಟ್ಟು ಮೆತ್ತಿದಳು.

ನಿಮ್ಮದೊಮ್ಮೆ, ಇವಳ ಜೊತೆ ಇನ್ನೊಮ್ಮೆ, ಹೀಗೆ ದಿನಾ ಎರಡು ಸಲ ತಿಂಡಿ ತಿಂದು ನಿಮ್ಮ ಶುಗರ್ ಏರಿದೆಯಂತೆ. ಅಜ್ಜಿ ಇನ್ನು ತಿನ್ನಬಾರದು ಎಂದು ಇವಳಿಗೆ ಹೇಳಿದೆ. "ಓಕೆ ಅಮ್ಮ, ಅಜ್ಜ ತಿನ್ಲಿ. ಅಜ್ಜಿ ಫೀಡ್ ಮಾಡ್ಲಿ" ಎಂದು ಹಟ ಹಿಡಿದಿದ್ದಾಳೆ. ಇಲ್ಲವಾದರೆ ಹಸಿದೇ ಬಸ್ಸು ಹತ್ತುತ್ತಾಳಂತೆ.

ದಯವಿಟ್ಟು ಮಾವನಿಗೆ ಹಲ್ಲಿನ ಸೆಟ್ ಹಾಕಿಸಿ ಕೂರಿಸಿ. ನುಂಗಿದರೋ ಇಲ್ಲವೋ ಎಂದು ಅವಳು ಬಾಯಿ ತೆರೆಸಿ ನೋಡುತ್ತಾಳೆ. ಕುಸುಮಕ್ಕ ಟ್ಯಾಕ್ಸಿ ಹತ್ತಿ ಈ ಕಾರ್ಡಿಗೆ ಕಾಯುತ್ತಿದ್ದಾರೆ. ಕೈತುತ್ತಿನ ವಿಷಯ ಮಾವನಿಗೆ ನೀವೇ ಹೇಳಿ, ನನ್ನಿಂದಾಗದು.

ನಿಮ್ಮ ಸೊಸೆ
ಹರಿಣಾಕ್ಷಿ