ಬೋಳುಪುಸ್ತಕ ಯಾವ ಕಟ್ಟೆಯದು

ಇಸವಿ ೨೨೩೧, ನಡುಮಳೆ ತಿಂಗಳ ಮೂವತ್ತನಾಲ್ಕನೆಯ ದಿನ. ಭೀಮಾತೀರ ವಿಶ್ವವಿದ್ಯಾಲಯ, ಮಾನವಿಕ ನಿಕಾಯ, ತಂದಕಟ್ಟೆ. ಸಭೆ ನಿನ್ನೆ ಮುಗಿಯಿತು. ಬೆಳಗಿನ ಪಾಠ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಇದೇ ಜಾಗದಲ್ಲಿ ಈ ನಿಕಾಯಕ್ಕೆ ಅಡಿಪಾಯ ತೋಡಿಸುತ್ತಿರುವ ನಿಮಗೆ ರಾಚಮ್ಮ ಹೂಗಾರಳ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಮಳೆ ತನ್ನ ಹಳೆಯ ಕಾಲವನ್ನು ಬಿಟ್ಟುಕೊಟ್ಟ ಮೇಲೆ ನಾವು ತಿಂಗಳುಗಳನ್ನು ಮಳೆಗೆ ಹೊಂದಿಸಿಕೊಂಡೆವು. ಈಗ ವರ್ಷಕ್ಕೆ ಹತ್ತೇ ತಿಂಗಳು, ಕೆಲವು ಬಹಳ ಉದ್ದ. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ, ತಾಳ್ಮೆಯಿರಲಿ. ಮೊದಲನೆಯದು ಈ ಪತ್ರದ ಹೆಸರೇ. ಹಿಂದಿನ ಕಾಲಕ್ಕೆ ಕಳಿಸುವ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಂದು ನಿಕಾಯಕ್ಕೆ ಒಂದು ತಲೆಮಾರಿನಲ್ಲಿ ಒಂದೇ ಹಿಂದೋಲೆಯ ಅವಕಾಶ. ಅದು ವ್ಯಕ್ತಿಯನ್ನು ಹುಡುಕಿ ಹೋಗುವುದಿಲ್ಲ, ಜಾಗವನ್ನು ಹುಡುಕಿ ಹೋಗುತ್ತದೆ. ಹೇಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿಲ್ಲ. ನಾನು ಪರಭಾಷೆಯ ಕಾದಂಬರಿಗಳನ್ನು ಓದಿಸುವವಳು.

ನೀವು ಕಟ್ಟುತ್ತಿರುವ ನಿಕಾಯ ನಿಂತಿದೆ ಎಂದು ಮೊದಲು ತಿಳಿಸಬೇಕು. ನೀವು ಕಟ್ಟಿದ ರೀತಿಯಲ್ಲಿ ನಿಂತಿಲ್ಲ. ನಿಮ್ಮ ಕಾಲದ ಏರ್ಪಾಟನ್ನು ನಾನು ಓದಿ ಬಲ್ಲೆ: ಇತಿಹಾಸಕ್ಕೊಂದು ವಿಭಾಗ, ತತ್ವಶಾಸ್ತ್ರಕ್ಕೊಂದು, ಭಾಷೆಗೊಂದೊಂದು, ಸರದಿಯ ಮೇಲೆ ಮುಖ್ಯಸ್ಥರು, ಅವರ ಮೇಲೆ ಡೀನ್. ಅದು ನೂರು ವರ್ಷ ನಡೆಯಿತು. ಆಮೇಲೆ ವಿದ್ಯಾರ್ಥಿಗಳು ಕಡಿಮೆಯಾದರು. ತತ್ವಶಾಸ್ತ್ರದಲ್ಲಿ ಕೊನೆಗೆ ಉಳಿದ ಒಬ್ಬರೇ ಪ್ರಾಧ್ಯಾಪಕರು ತಾವೇ ಮುಖ್ಯಸ್ಥರೂ ಆಗಿದ್ದರಿಂದ ರಜೆ ಬೇಕಾದಾಗ ತಮಗೆ ತಾವೇ ಅರ್ಜಿ ಬರೆದುಕೊಳ್ಳುತ್ತಿದ್ದರಂತೆ. ಒಮ್ಮೆ ಕಾರಣ ಸಾಲದೆಂದು ತಿರಸ್ಕರಿಸಿದ್ದೂ ಉಂಟಂತೆ. ಕೋಣೆಗಳೆಲ್ಲ ಬೇರೆ ನಿಕಾಯಗಳಿಗೆ ಹೋದ ಮೇಲೆ ಉಳಿದ ನಾಲ್ವರು ಅಧ್ಯಾಪಕರು ಹೊರಗೆ ಬೇವಿನ ಮರಗಳ ಕೆಳಗಿನ ನಾಲ್ಕು ಕಟ್ಟೆಗಳ ಮೇಲೆ ಪಾಠ ಮುಂದುವರಿಸಿದರು. ನಾಚಿಕೆಯಿಂದ ಶುರುವಾದದ್ದು ಪದ್ಧತಿಯಾಯಿತು. ಕೋಣೆಗಳು ಮರಳಿ ಸಿಕ್ಕಾಗ ಯಾರೂ ಒಳಗೆ ಹೋಗಲಿಲ್ಲ.

ಈಗಲೂ ನಾಲ್ಕೇ ಕಟ್ಟೆಗಳು. ಕನ್ನಡದಲ್ಲೇ ಹುಟ್ಟಿದ ಬರಹವನ್ನು ತವರುಕಟ್ಟೆಯಲ್ಲಿ ಓದುತ್ತಾರೆ. ಬೇರೆ ಭಾಷೆಗಳಿಂದ ತಂದದ್ದನ್ನು ನನ್ನ ತಂದಕಟ್ಟೆಯಲ್ಲಿ ಓದುತ್ತೇವೆ. ಕೇಳುಕಟ್ಟೆಯವರು ಬದುಕಿರುವವರ ಬಾಯಿಂದ ಕೇಳಿ ಇತಿಹಾಸ ಬರೆಯುತ್ತಾರೆ. ವಾದಕಟ್ಟೆಯಲ್ಲಿ ತತ್ವವೂ ನ್ಯಾಯವೂ ಜಗಳವೂ ಒಟ್ಟಿಗಿವೆ. ಡೀನರನ್ನು ನಾವು ಹಿರಿಯರು ಎನ್ನುತ್ತೇವೆ. ಸಭೆಯಲ್ಲಿ ಅವರು ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂರಬೇಕು. ಪಾಠಗಳು ಸೂರ್ಯ ಮೇಲೇರುವ ಮೊದಲೇ ಮುಗಿಯುತ್ತವೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ನೆಲಮನೆಗೆ, ಅಂದರೆ ಭೂಮಿಯೊಳಗೆ ತೋಡಿದ ತಂಪು ಸಭಾಂಗಣಕ್ಕೆ ಇಳಿದು ಜೋಳದ ರೊಟ್ಟಿ ತಿಂದು ಮಲಗುತ್ತೇವೆ. ಜೋಳ ಉಳಿದಿದೆ, ಅದನ್ನು ನಿಮಗೆ ಹೇಳಲೇಬೇಕೆನಿಸಿತು.

ಎಲ್ಲರ ಕಿವಿಯಲ್ಲೂ ಕಿವಿಮಣಿ ಇರುತ್ತದೆ. ಯಾವ ಭಾಷೆಯಲ್ಲಿ ಯಾರು ಮಾತಾಡಿದರೂ ಅದು ಆ ಕ್ಷಣವೇ ನಮ್ಮ ಭಾಷೆಯಲ್ಲಿ ಹೇಳುತ್ತದೆ. ಹಾಗಿದ್ದ ಮೇಲೆ ತಂದಕಟ್ಟೆ ಯಾಕೆ ಬೇಕು ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ಮಣಿ ತಪ್ಪು ಹೇಳುವುದಿಲ್ಲ, ಆದರೆ ಅದರ ಬಾಯಲ್ಲಿ ಅಜ್ಜಿಯೂ ಪೊಲೀಸಿನವನೂ ಒಂದೇ ಥರ ಮಾತಾಡುತ್ತಾರೆ. ನಮ್ಮ ಕಟ್ಟೆ ಹತ್ತುವ ಮೊದಲು ಮಣಿಯನ್ನು ಕಳಚಿ ಹಿತ್ತಾಳೆಯ ಚೊಂಬಿಗೆ ಹಾಕಬೇಕು. ಅದು ನಿಯಮ.

ಇನ್ನೊಂದು ನಿಯಮವೇ ನಮ್ಮನ್ನು ಪೇಚಿಗೆ ಸಿಕ್ಕಿಸಿದ್ದು. ನಿಮ್ಮ ಮೊಮ್ಮಕ್ಕಳ ಮಕ್ಕಳ ಕಾಲದಲ್ಲಿ ದೊಡ್ಡ ಅಳಿಕೆ ಎಂಬುದು ನಡೆಯಿತು: ಯಂತ್ರಗಳಲ್ಲಿ ಕೂಡಿಟ್ಟಿದ್ದ ಪುಸ್ತಕಗಳೆಲ್ಲ ಕೆಲವೇ ವಾರಗಳಲ್ಲಿ ಅಳಿಸಿಹೋದವು, ಕಾಗದದ ಮೇಲಿದ್ದವು ಮಾತ್ರ ಉಳಿದವು. ಆಗ ದೇಶದೇಶಗಳ ನಿಕಾಯಗಳು ಒಂದು ಒಪ್ಪಂದಕ್ಕೆ ಬಂದವು. ಮೂಲಗ್ರಂಥ ಅದು ಹುಟ್ಟಿದ ನಾಡಿನಲ್ಲಿರಲಿ. ಅನುವಾದ ಇಟ್ಟುಕೊಂಡವರು ಮೂಲವನ್ನು ತೋರಿಸೆಂದು ಪೀಡಿಸಬಾರದು. ನಮ್ಮ ಹಿರಿಯರು ಇದನ್ನು ಬೀಗರ ಮನೆಯ ಅಡುಗೆಕೋಣೆಯಲ್ಲಿ ಇಣುಕಬಾರದು ಎಂದು ಕಲಿಸಿದರು. ನಾವು ಇಣುಕಲಿಲ್ಲ.

ಪ್ರತಿಯೊಂದು ಕಟ್ಟೆಯೂ ಒಂದು ನೆಲೆಪುಸ್ತಕದ ಮೇಲೆ ನಿಂತಿರಬೇಕೆಂದು ನಿಕಾಯದ ಕಟ್ಟಳೆ ಹೇಳುತ್ತದೆ. ಆ ಪುಸ್ತಕವನ್ನು ಓದಿಯೇ ವಿದ್ಯಾರ್ಥಿ ಕಟ್ಟೆಗೆ ಸೇರುವುದು. ಅದು ಹೋದರೆ ಕಟ್ಟೆಯೂ ಹೋದಂತೆ, ವಿದ್ಯಾರ್ಥಿಗಳು ಬೇರೆ ಕಟ್ಟೆಗೆ. ನನ್ನ ಕಟ್ಟೆಯ ನೆಲೆಪುಸ್ತಕಕ್ಕೆ ಮೊದಲ ಹಾಳೆಯಿಲ್ಲ, ಹೆಸರಿಲ್ಲ, ಕರ್ತೃ ಯಾರೆಂದು ಗೊತ್ತಿಲ್ಲ. ಎಲ್ಲರೂ ಅದನ್ನು ಬೋಳುಪುಸ್ತಕ ಎನ್ನುತ್ತಾರೆ. ಕಾಗದ ನಿಮ್ಮ ಕಾಲದ್ದು. ಜಾರ್ಜಿಯಾ ದೇಶದ ಎಲಿಸೋ ಎಂಬ ಹೆಂಗಸು ನದಿನೀರಿನ ಪರೀಕ್ಷೆಗೆಂದು ಭೀಮೆಯ ದಂಡೆಗೆ ಬಂದು ಗಂಗವ್ವ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆಗಿರುತ್ತಾಳೆ. ಪುಸ್ತಕದ ಎರಡನೆಯ ಅರ್ಧದಲ್ಲಿ ಇಬ್ಬರೂ ಎಲಿಸೋಳ ಊರಿಗೆ ಹೋಗಿ ಅಲ್ಲೇ ಮುದುಕಿಯರಾಗುತ್ತಾರೆ. ಅದರಲ್ಲಿ ರೊಟ್ಟಿ ಬಡಿಯುವ ವರ್ಣನೆಯೇ ಎರಡು ಪುಟವಿದೆ. ನಮ್ಮ ಕಟ್ಟೆಯ ಸ್ಥಾಪಕರಾದ ಕಂಠೆಪ್ಪ ಮಾಸ್ತರರು ಆ ಎರಡು ಪುಟದ ಮೇಲೆಯೇ ತಮ್ಮ ವಾದ ಹೂಡಿದರು: ಈ ನೆಲದಲ್ಲಿ ಹುಟ್ಟಿದ ಯಾರೂ ರೊಟ್ಟಿಯ ಬಗ್ಗೆ ಇಷ್ಟು ಬೆರಗಿನಿಂದ ಬರೆಯುವುದಿಲ್ಲ, ಆದ್ದರಿಂದ ಇದು ಜಾರ್ಜಿಯಾದವರು ಬರೆದದ್ದು, ನಮ್ಮಲ್ಲಿರುವುದು ಅನುವಾದ. ಅರವತ್ತು ವರ್ಷ ನಾವು ಹಾಗೆಂದೇ ಕಲಿಸಿದೆವು.

ಈ ಮಳೆಗಾಲದ ಮೊದಲಲ್ಲಿ ಜಾರ್ಜಿಯಾದ ಬೆಟ್ಟದೂರಿನ ಒಂದು ವಿಶ್ವವಿದ್ಯಾಲಯದಿಂದ ಮಾಕ್ವಾಲಾ ಎಂಬ ಅಧ್ಯಾಪಕಿ ಬಂದರು. ಬೋಳುಪುಸ್ತಕಕ್ಕಾಗಿಯೇ ಬರುತ್ತಿದ್ದಾರೆ ಎಂದು ತಿಳಿದು, ಮೂಲವನ್ನು ತಾವೇ ಹೊತ್ತು ತರುತ್ತಿದ್ದಾರೆ ಎಂದುಕೊಂಡು ನಾನು ಅದನ್ನಿಡಲು ಇಳಕಲ್ಲಿನ ಬಟ್ಟೆಯೊಂದನ್ನು ಹಾಸಿಸಿದ್ದೆ. ಅವರು ಬಟ್ಟೆಯನ್ನು ನೋಡಿ ನಕ್ಕರು, ಏನನ್ನೂ ಇಡಲಿಲ್ಲ. ಕೇಳುವುದು ಸಭ್ಯತೆಯಲ್ಲವೆಂದು ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ವಾರ ಕಳೆಯಿತು. ಒಂದು ಮಧ್ಯಾಹ್ನ ನೆಲಮನೆಯಲ್ಲಿ ಊಟಕ್ಕೆ ಕೂತಾಗ ಅವರು, ಕಷ್ಟಪಟ್ಟು ಕಲಿತ ಗ್ರಂಥದ ಕನ್ನಡದಲ್ಲಿ, ತಲೆ ತಗ್ಗಿಸಿ ಕೇಳಿದರು:

“ಇಂದಾದರೂ ಮೂಲವನ್ನು ತೋರಿಸುವಿರಾ?”

ಅವರ ನಾಡಿನಲ್ಲಿ ಅದೇ ಪುಸ್ತಕವನ್ನು ಕನ್ನಡದಿಂದ ಬಂದ ಅನುವಾದವೆಂದು ಕಲಿಸುತ್ತಾರೆ. ಅವರ ಪ್ರತಿಯಲ್ಲೂ ಕರ್ತೃವಿನ ಹೆಸರಿಲ್ಲ. ದ್ರಾಕ್ಷಾರಸದ ದೊಡ್ಡ ಮಣ್ಣಿನ ಗಡಿಗೆಗಳನ್ನು ನೆಲದಲ್ಲಿ ಹೂಳುವ ವರ್ಣನೆ ಅದರಲ್ಲಿ ದೀರ್ಘವಾಗಿದೆ. ತಮ್ಮವರು ಯಾರೂ ಅದನ್ನು ಹಾಗೆ ಬರೆಯುವುದಿಲ್ಲ, ಆದ್ದರಿಂದ ಭೀಮೆಯ ಕಡೆಯವರು ಬರೆದದ್ದು ಎಂದು ಅವರ ಹಿರಿಯರು ತೀರ್ಮಾನಿಸಿದ್ದರು. ಇಬ್ಬರೂ ಇನ್ನೊಬ್ಬರ ಅಡುಗೆಕೋಣೆಯಲ್ಲಿ ಮೂಲ ಭದ್ರವಾಗಿದೆ ಎಂದು ನಂಬಿ ನಿಶ್ಚಿಂತರಾಗಿದ್ದೆವು.

ಪಕ್ಕದಲ್ಲಿ ಊಟ ಮಾಡುತ್ತಿದ್ದವರು ತವರುಕಟ್ಟೆಯ ಮುಖ್ಯಸ್ಥ ಮೌಲಾಲಿ ನದಾಫ. ನನಗಿಂತ ಎರಡು ವರ್ಷ ಚಿಕ್ಕವರು, ಬುದ್ಧಿವಂತರು, ಆ ದಿನ ಅವರಿಗೆ ಊಟ ಬಹಳ ರುಚಿಸಿತು.

“ಅಕ್ಕಾರ, ಅರವತ್ತು ವರ್ಷ ನಮ್ಮನಿ ಮಗಳಿಗೆ ಬೀಗ್ತಿ ಅಂತ ಕಾಲಿಗೆ ನೀರು ಕೊಟ್ಟೀರಿ. ಇನ್ನರ ಮನಿಗಿ ಕಳಸ್ರಿ.”

“ನಿಮ್ಮನಿ ಮಗಳಾಗಿದ್ರ ಇಷ್ಟು ವರ್ಷ ಯಾಕ ಹುಡುಕಲಿಲ್ರಿ?” ಎಂದೆ. ಆದರೆ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟೆ. ಪುಸ್ತಕ ಅವರದಾದರೆ ನನ್ನ ಕಟ್ಟೆ ಇಲ್ಲ. ಮಣಿ ಕಳಚಿಟ್ಟು ಕೂರುವ ಜಾಗ ಈ ನಿಕಾಯದಲ್ಲಿ ಅದೊಂದೇ.

ಮೌಲಾಲಿಯವರು ಹಕ್ಕು ಮಂಡಿಸಿದರು. ಹಿರಿಯರಾದ ನಿಂಗಪ್ಪ ತಳವಾರರು ಎದುರೋದು ಆಗಲಿ ಎಂದರು. ಇದೂ ನಮ್ಮ ಪದ್ಧತಿಯೇ: ಬರಹದ ಬಗ್ಗೆ ತಕರಾರು ಬಂದರೆ, ಅದು ತನ್ನದೆನ್ನುವವರು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಬೇಕು, ಎಲ್ಲಿ ಬಾಯಿ ತಡೆಯುತ್ತದೋ ಅಲ್ಲಿ ನಿಲ್ಲಿಸಿ ಕಾರಣ ಹೇಳಬೇಕು. ಮೊನ್ನೆ ಮುಂಜಾವಿನಲ್ಲಿ ನಾಲ್ಕು ಕಟ್ಟೆಯವರೂ ಮಣಿ ಕಳಚಿಟ್ಟು ತಂದಕಟ್ಟೆಯಲ್ಲಿ ಕೂಡಿದರು. ಮೌಲಾಲಿಯವರು ರೊಟ್ಟಿಯ ಪುಟಗಳನ್ನೇ ಆರಿಸಿಕೊಂಡು, ಇದು ನಮ್ಮ ಹಿಟ್ಟು, ಅದನ್ನು ನಾದುವ ನಮ್ಮ ಕೊಣಮಿಗೆ, ನಮ್ಮ ಒಲೆ ಎಂದು ಧೈರ್ಯವಾಗಿ ಶುರುಮಾಡಿದರು. ಒಳ್ಳೆಯ ಕಂಠ. ಗಂಗವ್ವನ ಅಂಗೈ ಹಿಟ್ಟನ್ನು ಸುತ್ತುತ್ತ ಸುತ್ತುತ್ತ ಹೋಗುವುದು, ರೊಟ್ಟಿ ಅಗಲವಾದಂತೆ ಸದ್ದು ತೆಳ್ಳಗಾಗುವುದು, ನೀರು ಸವರಿದೊಡನೆ ಮೇಲ್ಮೈ ಕಪ್ಪಾಗಿ ಮತ್ತೆ ಬೆಳ್ಳಗಾಗುವುದು. ಅಲ್ಲಿ ಅವರು ನಿಲ್ಲಿಸಿದರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು.

“ನಮ್ಮವ್ವ ಹಿಂಗ ಬಡೀತಿದ್ಳು,” ಎಂದರು. “ನಾ ಒಂದು ದಿನಾನೂ ನೋಡ್ಲಿಲ್ಲ. ತಿಂದೆ ಅಷ್ಟ.”

ಪುಸ್ತಕ ಜಾರ್ಜಿಯಾದ್ದು ಎಂಬುದು ನಮ್ಮ ಕಟ್ಟೆಯ ವಾದವಾದ್ದರಿಂದ ಮಾಕ್ವಾಲಾ ಗಡಿಗೆಯ ಪುಟಗಳನ್ನು ತಮ್ಮ ಭಾಷೆಯಲ್ಲಿ ಓದಿದರು. ಅರ್ಥವಾಗದವರು ಅವರ ಮುಖ ನೋಡುತ್ತಿದ್ದರು. ಅವರೂ ನಡುವೆ ನಿಲ್ಲಿಸಿ, ಕನ್ನಡದಲ್ಲಿ, ತಮ್ಮ ಅಜ್ಜ ಗಡಿಗೆಯೊಳಗಿಳಿದು ತೊಳೆಯುವಾಗ ಹಾಡುತ್ತಿದ್ದುದು ನೆನಪಿದೆ, ಆದರೆ ಆ ಹಾಡು ಗಡಿಗೆಯೊಳಗಿಂದ ಬೇರೆ ಥರ ಕೇಳುತ್ತಿತ್ತು ಎಂಬುದು ಈ ಪುಸ್ತಕ ಓದುವವರೆಗೆ ತಮಗೆ ಹೊಳೆದಿರಲಿಲ್ಲ ಎಂದರು.

ಎರಡೂ ಕಡೆಯ ವಾದ ಅಲ್ಲಿಗೆ ಕುಸಿಯಿತು. ಬೆರಗು ಇದ್ದರೆ ಬರೆದವರು ಪರಕೀಯರು ಎಂದು ಎರಡು ನಾಡಿನ ಪಂಡಿತರೂ ನಂಬಿದ್ದರು. ತನ್ನ ಮನೆಯ ಒಲೆಯನ್ನೇ ಹೊಸದಾಗಿ ನೋಡಬಲ್ಲವರು ಇರಬಹುದು ಎಂದು, ನನ್ನನ್ನೂ ಸೇರಿಸಿ, ಯಾರಿಗೂ ತೋಚಿರಲಿಲ್ಲ. ಹಾಗೆ ನೋಡುವುದಷ್ಟೇ ಕಾದಂಬರಿಕಾರರ ಕಸುಬು.

ನಿನ್ನೆಯ ಸಭೆಯಲ್ಲಿ ಹಿರಿಯರು ಎರಡು ದಾರಿ ಹೇಳಿದರು. ಹಕ್ಕಿಗೆ ಪುರಾವೆ ಇಲ್ಲದ್ದರಿಂದ ಪುಸ್ತಕ ಇದ್ದಲ್ಲೇ, ಅಂದರೆ ನನ್ನಲ್ಲೇ ಇರಲಿ. ಅಥವಾ ಈ ತಲೆಮಾರಿನ ಹಿಂದೋಲೆಯಲ್ಲಿ ನಿಮ್ಮನ್ನೇ ಕೇಳೋಣ: ಬರೆದವರು ಯಾರೆಂದು ತಾಮ್ರದ ತಗಡಿನ ಮೇಲೆ ಕೊರೆದು ನೀವು ಅಡಿಪಾಯದಲ್ಲಿಟ್ಟರೆ, ನಾವು ಅಗೆದು ತೆಗೆಯಬಹುದು. ಮೊದಲನೆಯದಕ್ಕೆ ಎಲ್ಲರೂ ಒಪ್ಪುವಂತಿತ್ತು. ಮೌಲಾಲಿಯವರೂ ತಲೆಯಾಡಿಸಿದ್ದರು. ನಾನು ಗೆದ್ದಿದ್ದೆ. ಎದ್ದು ನಿಂತೆ.

“ತಂದದ್ದು ಅಂತ ಇನ್ನ ಕಲಸಾಕ ನನಗ ಆಗಂಗಿಲ್ರಿ. ಮೌಲಾಲಿ ಮಾಸ್ತರದು ಅಂತನೂ ಒಪ್ಪಂಗಿಲ್ಲ,” ಎಂದೆ. ಹಾಗಾದರೆ ಎಲ್ಲಿ ಕೂತು ಓದಿಸುತ್ತೀರಿ ಎಂದು ಹಿರಿಯರು ಕೇಳಿದರು. ಒಂದೇ ಕಟ್ಟೆಯ ಮೇಲೆ, ಇಬ್ಬರೂ ಕೂಡಿ, ಮಣಿ ಕಳಚಿಟ್ಟು ಎಂದೆ. ಮೌಲಾಲಿಯವರು ಮರದ ಕಡೆ ನೋಡುತ್ತ, ಅಕ್ಕಾರ ಮಾತಾಡುವಾಗ ನಡುವೆ ತಮಗೆ ಬಾಯಿ ಹಾಕಲು ಬಿಡುವುದಾದರೆ ಆಗಬಹುದು ಎಂದರು. ಎಲ್ಲರೂ ನಕ್ಕರು. ಬಿಡುತ್ತೇನೆಂದು ನಾನು ಮಾತು ಕೊಡಲಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಹೆಸರಿನದಲ್ಲ. ನಿಮ್ಮ ನಡುವೆ ಎಲ್ಲೋ ಒಬ್ಬರು ಈ ಪುಸ್ತಕವನ್ನು ಈಗ ಬರೆಯುತ್ತಿರಬೇಕು. ಯಾವ ಭಾಷೆಯಲ್ಲೆಂದು ನನಗೆ ತಿಳಿಯದು. ಅವರಿಗೆ ಯಾರಾದರೂ, ರೊಟ್ಟಿ ಬಡಿಯುವುದು ಯಾರಿಗೆ ಗೊತ್ತಿಲ್ಲ, ಈ ಎರಡು ಪುಟ ತೆಗೆದುಹಾಕಿ ಎಂದು ಹೇಳಿಯೇ ಹೇಳುತ್ತಾರೆ. ಹೇಳುವವರು ನಿಮ್ಮ ನಿಕಾಯದವರೇ ಇರಬಹುದು. ದಯವಿಟ್ಟು ಅವರನ್ನು ತಡೆಯಿರಿ.

ಸಭೆಯ ತೀರ್ಮಾನ ಹೀಗಿದೆ. ತಂದಕಟ್ಟೆ, ತವರುಕಟ್ಟೆ ಎಂಬ ಎರಡು ಹೆಸರುಗಳನ್ನೂ ಕೈಬಿಡುವುದು. ಎರಡು ಕಟ್ಟೆಗಳ ನಡುವೆ ಕಲ್ಲು ಹಾಸಿ ಒಂದು ಮಾಡುವುದು. ಬೋಳುಪುಸ್ತಕ ಅದರ ನೆಲೆಪುಸ್ತಕ. ಮುಖ್ಯಸ್ಥರ ಸ್ಥಾನವನ್ನು ನಾನೂ ಮೌಲಾಲಿಯವರೂ ಬಿಟ್ಟುಕೊಡುವುದು. ಮೊದಲ ತಂಡದ ಮಕ್ಕಳು ಓದು ಮುಗಿಸಿ ಹೋದ ಮೇಲೆ ಅಡಿಪಾಯ ಅಗೆದು ನೋಡುವುದು. ತಗಡಿದ್ದರೂ ಇಲ್ಲದಿದ್ದರೂ, ಅದರಲ್ಲಿ ಯಾರ ಹೆಸರಿದ್ದರೂ, ಕಟ್ಟೆಯನ್ನು ಮತ್ತೆ ಒಡೆಯದಿರುವುದು. ಮಳೆ ನಿಂತ ಮೇಲೆ ಕೆಲಸ ಶುರು. ಕಲ್ಲು ಬಂದು ಬಿದ್ದಿದೆ, ಇನ್ನೂ ಹಾಸಿಲ್ಲ.